ಮೇಲರ್ಧ

ಬ್ಲೇಡಿನ ಮೂಲೆಯನ್ನು ಹೊಲಿಗೆಯ ಅಡಿಗೆ ತೂರಿಸಿ, ಕೂದಲೆಳೆಯಷ್ಟು ಮೇಲಕ್ಕೆತ್ತಿ, ಅವಳು ಉಸಿರು ಬಿಗಿಹಿಡಿದಳು. ದಾರ ಟಪ್ಪೆಂದಿತು. ಬಟ್ಟೆಗೆ ಏನೂ ಆಗಲಿಲ್ಲ. ಕಡಿದ ತುಣುಕನ್ನು ಒದ್ದೆ ಬೆರಳಿಗೆ ಅಂಟಿಸಿ ಎತ್ತಿ, ತಟ್ಟೆಯ ಅಂಚಿಗೆ ಒರೆಸಿ, ಮುಂದಿನ ಹೊಲಿಗೆಗೆ ಹೋದಳು.

"ಏನು ಬಿಚ್ತಾ ಇದೀಯ?" ಒಳಗಿನ ಕೋಣೆಯಿಂದ ಅಮ್ಮ ಕೇಳಿದಳು.

"ಲಾಂಡ್ರಿಗೆ ಬಂದಿದ್ದು. ಯಾರದೋ ಕೋಟು."

"ಕೋಟಿನ ದಾರ ಹಾಗೆ ಸದ್ದು ಮಾಡಲ್ಲ."

"ಒಳಗಿನ ಅಸ್ತರು ಅಮ್ಮ. ಮಲಕ್ಕೋ."

"ಮಲಗಿಯೇ ಇದೀನಲ್ಲ. ಎದ್ದು ಕುಣೀತಿದೀನಾ?"

ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಕಾಲು ಸೋತಿತ್ತು. ಉಳಿದ ಜೀವವೆಲ್ಲ ಕಿವಿಯಲ್ಲಿ ಬಂದು ಕೂತಿದೆಯೇನೋ ಅನ್ನುವಂತೆ, ಪಕ್ಕದ ಮನೆಯವರು ಸಕ್ಕರೆ ಡಬ್ಬಿ ತೆರೆದದ್ದೂ ಅವಳಿಗೆ ಗೊತ್ತಾಗುತ್ತಿತ್ತು. ಮಗಳು ಲಾಂಡ್ರಿಯೊಂದರ ಹಿಂಗೋಣೆಯಲ್ಲಿ ರಫೂ ಮಾಡುವವಳು. ಹುಳು ತಿಂದ ಕೋಟು, ಸಿಗರೇಟು ಸುಟ್ಟ ಪ್ಯಾಂಟು, ಬಾಗಿಲಿಗೆ ಸಿಕ್ಕಿ ಹರಿದ ಶಾಲು, ಎಲ್ಲವನ್ನೂ ಹರಿದದ್ದೇ ಸುಳ್ಳು ಅನ್ನುವಂತೆ ಮಾಡಿ ಕಳಿಸುವವಳು. ಬೀದಿಯಲ್ಲಿ ಎಲ್ಲರೂ ಅವಳನ್ನು ರಫೂ ಅಂತಲೇ ಕರೆಯುತ್ತಿದ್ದರು. ಅವಳಿಗೂ ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳುತ್ತಿದ್ದವರೂ ಈಗ ಒಬ್ಬೊಬ್ಬರಾಗಿ ಸತ್ತು ಮುಗಿದಿದ್ದರು.

ಕಿಟಕಿಯ ಪಕ್ಕದ ಮೇಜಿಗೆ ಹಳೆ ದುಪ್ಪಟಿ ಹಾಸಿ ಅವಳು ಬಿಚ್ಚುತ್ತಿದ್ದದ್ದು ಕೋಟನ್ನಲ್ಲ, ಎಳೆಗೂಸಿನ ಅಂಗಿಯನ್ನು. ಚರ್ಚಿನಲ್ಲಿ ದೀಕ್ಷಾಸ್ನಾನದ ದಿನ ಒಮ್ಮೆ ತೊಡಿಸಿ, ಸಂಜೆಯೊಳಗೆ ಬಿಚ್ಚಿ ಎತ್ತಿಟ್ಟುಬಿಡುವ ಅಂಗಿ. ಮೇಲ್ಭಾಗ ಎರಡು ಅಂಗೈಯಷ್ಟಿತ್ತು. ಅದಕ್ಕೆ ಸೇರಿಸಿದ ಲಂಗ ಮಾತ್ರ ಮಗುವನ್ನು ಎತ್ತಿಕೊಂಡವರ ಮೊಣಕಾಲು ದಾಟಿ ಇಳಿಯುವಷ್ಟು ಉದ್ದ. ಮೇಲ್ಭಾಗ ಉಸಿರು ಬಿಟ್ಟರೆ ನಡುಗುವಂಥ ಮಸ್ಲಿನ್. ಬಿಳಿಯ ಮೇಲೆ ಬಿಳಿ ದಾರದ ಬಳ್ಳಿ, ಬಳ್ಳಿಯ ತುಂಬ ಹೂವು, ಪ್ರತಿ ಹೂವಿನ ನಡುವೆ ಬಟ್ಟೆ ಕತ್ತರಿಸಿ ತೆಗೆದು, ಆ ತೂತಿನೊಳಗೆ ಜೇಡ ನೇಯ್ದಂತೆ ಸೂಜಿಯಲ್ಲೇ ನೇಯ್ದ ಬಲೆ. ಒಂದು ಬಲೆಯಂತೆ ಇನ್ನೊಂದಿರಲಿಲ್ಲ. ಲಂಗ ಬೇರೆ ಕಾಲದ್ದು, ಬೇರೆ ಬಟ್ಟೆಯದು. ಅದರಲ್ಲಿ ಕಸೂತಿ ಇರಲಿಲ್ಲ. ಅವಸರದ ಮೂರು ಪಟ್ಟಿ ಮಡಿಕೆ ಇದ್ದವು, ಅಷ್ಟೆ. ಅದನ್ನು ಹೊಲಿದವಳು ಅಮ್ಮ. ಬಿಚ್ಚುತ್ತಿದ್ದದ್ದೂ ಅಮ್ಮನ ಹೊಲಿಗೆಯನ್ನೇ.

ಅಜ್ಜನ ಅಜ್ಜಿ ದೊಡ್ಡ ಮನೆಗಳ ಕೂಸುಗಳಿಗೆ ಇಂಥ ಅಂಗಿ ಹೊಲಿಯುತ್ತಿದ್ದಳಂತೆ. ಕಣ್ಣು ಉರಿದಾಗ ಬಟ್ಟೆಯನ್ನು ಸಾರಾಯಿಯಲ್ಲಿ ಅದ್ದಿ ರೆಪ್ಪೆಗೆ ಒತ್ತಿಕೊಳ್ಳುತ್ತಿದ್ದಳಂತೆ. ಉಳಿದ ಸಾರಾಯಿ ಎಲ್ಲಿಗೆ ಹೋಗುತ್ತಿತ್ತು ಅಂತ ಯಾರೂ ಕೇಳುತ್ತಿರಲಿಲ್ಲವಂತೆ. ಊರಿನ ಮಕ್ಕಳಿಗೆಲ್ಲ ಹೊಲಿದು ಮುಗಿದ ಮೇಲೆ ಉಳಿದ ದಾರದಲ್ಲಿ ತನ್ನ ಮನೆಗೂ ಒಂದು ಮಾಡಿಟ್ಟಳು. ಆಮೇಲೆ ಆ ಮನೆಯಲ್ಲಿ ಹುಟ್ಟಿದ ಕೂಸುಗಳೆಲ್ಲ ಅದನ್ನೇ ತೊಟ್ಟವು. ಎದೆಯ ಮೇಲಿನ ಕಸೂತಿ ಕೆಳಕ್ಕೆ ಬರುತ್ತ ಬರುತ್ತ ಕಿರಿದಾಗಿ, ಸೊಂಟದ ಹತ್ತಿರ ಒಂದು ಮೊನೆಯಾಗಿ ಮುಗಿಯುತ್ತಿತ್ತು. ಗಂಡು ಮಗುವಾದರೆ ಮೊನೆಯನ್ನು ಸೊಂಟಪಟ್ಟಿಯ ಮೇಲೆ, ಲಂಗದ ಮೇಲೆ, ಎಲ್ಲರಿಗೂ ಕಾಣುವಂತೆ ಹೊರಗೆ ಬಿಡುತ್ತಿದ್ದರು. ಹೆಣ್ಣಾದರೆ ಪಟ್ಟಿಯೊಳಗೆ ಮಡಚಿ ಹೊಲಿಯುತ್ತಿದ್ದರು. ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತವರಿಗೂ ನೋಡಿದ ಕೂಡಲೇ ಗೊತ್ತಾಗಬೇಕಲ್ಲ, ಅದಕ್ಕೆ.

ಒಂದು ವರ್ಷ ಒಂದೇ ವಾರದಲ್ಲಿ ಎರಡು ಕೂಸು ಹುಟ್ಟಿದವು. ಚಿಕ್ಕ ಸೊಸೆಗೆ, ಅಂದರೆ ಅಮ್ಮನಿಗೆ, ಹೆಣ್ಣು; ಎರಡು ದಿನ ಬಿಟ್ಟು ದೊಡ್ಡ ಸೊಸೆಗೆ ಗಂಡು. ಪಾದ್ರಿ ಇಬ್ಬರಿಗೂ ಒಂದೇ ಭಾನುವಾರ ಹೇಳಿದರು. ಮೊದಲು ಹುಟ್ಟಿದವಳಿಗೆ ಅಂಗಿ ಅಂದಳು ಚಿಕ್ಕ ಸೊಸೆ. ಗಂಡಿಗೆ ಅಂಗಿ ಅಂದ ಅಜ್ಜ. ಹೆಣ್ಣಿಗೆ ಇನ್ನೊಂದು ಭಾನುವಾರ ಹಾಕಿದರಾಯಿತು, ಹೇಗೂ ಮೊನೆ ಒಳಗೆ ಹಾಕಿ ಹೊಲಿಯಬೇಕಲ್ಲ, ನಿಧಾನಕ್ಕೆ ಆಗಲಿ ಅಂದಳು ದೊಡ್ಡ ಸೊಸೆ. ಚಿಕ್ಕವಳು ಎದುರು ಮಾತಾಡಲಿಲ್ಲ. ಬಾಣಂತಿ ಕೋಣೆಯ ಬಾಗಿಲು ಹಾಕಿಕೊಂಡು ಅಂಗಿಯನ್ನು ಸೊಂಟದ ಕೆಳಗೆ ಅಡ್ಡಲಾಗಿ ಕತ್ತರಿಸಿ, ಕೆಳಗರ್ಧವನ್ನು ನೀಟಾಗಿ ಮಡಚಿ ವಾರಗಿತ್ತಿಯ ಹಾಸಿಗೆಯ ಮೇಲಿಟ್ಟು ಬಂದಳು.

"ಹಿಸ್ಸೆಯಾಯ್ತು," ಅಂದಳಂತೆ.

ಅದೇ ಭಾನುವಾರ ತಾನೇ ಹೊಲಿದ ಲಂಗಕ್ಕೆ ಮೇಲರ್ಧ ಸೇರಿಸಿ, ಮೊನೆಯನ್ನು ರಾಜಾರೋಷವಾಗಿ ಹೊರಗೆ ಬಿಟ್ಟು, ಮಗಳನ್ನು ಎತ್ತಿಕೊಂಡು ಚರ್ಚಿನ ನಡುದಾರಿಯಲ್ಲಿ ನಡೆದಳು. ಜನ ಮಗುವಿನ ಮುಖ ನೋಡಲಿಲ್ಲ, ಸೊಂಟ ನೋಡಿದರು. ಆ ತಿಂಗಳೇ ಒಲೆಗಳು ಬೇರೆಯಾದವು, ಮನೆಗಳೂ ಬೇರೆಯಾದವು. ಅಪ್ಪ ಹೊಸ ಮನೆಗೆ ಬಂದವನು ಅದಕ್ಕೆ ಒಗ್ಗಿಕೊಳ್ಳುವ ಮೊದಲೇ ಸತ್ತ. ಅಮ್ಮ ಯಾರ ಬಾಗಿಲಿಗೂ ಹೋಗಲಿಲ್ಲ. "ಆ ಮನೆಯ ಉಪ್ಪು ನನ್ನ ನಾಲಿಗೆಗೆ ಬೇಡ" ಅನ್ನುವುದು ಅವಳಿಗೆ ಮಾತು ಮುಗಿಸುವ ರೀತಿಯೇ ಆಗಿಹೋಗಿತ್ತು. ಸಾರು ಚೆಲ್ಲಿದರೂ ಅದೇ ಮಾತು, ಬಸ್ಸು ತಪ್ಪಿದರೂ ಅದೇ ಮಾತು.

ಕೊನೆಯ ಹೊಲಿಗೆ ಕಡಿದಾಗ ಲಂಗ ಮೇಜಿನಿಂದ ಜಾರಿ ನೆಲಕ್ಕೆ ಬಿತ್ತು. ಅವಳು ಅದನ್ನೆತ್ತಿ ಮಡಚಿ, ಅಮ್ಮನ ಕೈ ಸೋಕದ ಮೇಲಿನ ಕಪಾಟಿನಲ್ಲಿಟ್ಟಳು. ಆಮೇಲೆ ನೆನಪಾಯಿತು, ಈಗ ಕೆಳಗಿನ ಕಪಾಟೂ ಅಮ್ಮನ ಕೈಗೆ ಸಿಗುವುದಿಲ್ಲ ಅಂತ.

ಇದೆಲ್ಲ ಶುರುವಾದದ್ದು ಹೋದ ವರ್ಷ, ದೊಡ್ಡಪ್ಪನ ಮಣ್ಣಿಗೆ ಹೋದಾಗ. ಒಳಗೆ ಹೋಗುವುದೋ ಬೇಡವೋ ಅಂತ ಅವಳು ಸ್ಮಶಾನದ ಗೇಟಿನ ಹತ್ತಿರ ನಿಂತಿದ್ದಳು. ಹುಬ್ಬಿನಲ್ಲಿ ಹಿಟ್ಟು ಮೆತ್ತಿಕೊಂಡ ದಪ್ಪನೆಯ ಮನುಷ್ಯನೊಬ್ಬ ಬಂದು ಮುಖವನ್ನೇ ನೋಡಿದ.

"ನೀನು ಮೇಲರ್ಧ ಅಲ್ವಾ?"

ಅವಳಿಗೆ ಒಂದು ಗಳಿಗೆ ಬೇಕಾಯಿತು. "ನೀನು ಕೆಳಗರ್ಧ."

ಸತ್ತ ಅಪ್ಪನನ್ನು ಹೂಳಲು ಬಂದವನು ಗೇಟಿನ ಕಂಬ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು. ಮುಂದೆ ನಿಂತವರು ತಿರುಗಿ ನೋಡಿದರು. ಅವನು ಬೇಕರಿ ನಡೆಸುತ್ತಿದ್ದ. ಅಲ್ಲಿಂದ ಮೇಲೆ ವಾರಕ್ಕೊಮ್ಮೆ ಲಾಂಡ್ರಿಯ ಕಿಟಕಿಗೆ ಬಂದು ಕಾಗದದಲ್ಲಿ ಸುತ್ತಿದ ಬಿಸಿ ಬ್ರೆಡ್ಡು ಕೊಟ್ಟು ಹೋಗುತ್ತಿದ್ದ. ಎರಡು ದಿನಕ್ಕೆ ದೊಡ್ಡವಳಾದ್ದರಿಂದ ಅವಳನ್ನು ಅಕ್ಕ ಅನ್ನಬೇಕಿತ್ತು, ಅನ್ನುತ್ತಿರಲಿಲ್ಲ. "ನಿನಗೆ ಮೊನೆ ಸಿಕ್ತು, ನನಗೆ ಕೆಳಗರ್ಧದ ಮೇಲೆ ದರ್ಜಿ ಹೊಲಿದ ಮೊಂಡು ತುಂಡು. ಗಂಡು ಅನ್ನೋದಕ್ಕೆ ಪುರಾವೆಯೇ ಇಲ್ಲದೆ ಬೆಳೆದೆ ನೋಡು," ಅನ್ನುತ್ತಿದ್ದ. ಬ್ರೆಡ್ಡನ್ನು ಅವಳು ಅಂಗಡಿಯದು ಅಂತ ಹೇಳಿ ಅಮ್ಮನಿಗೆ ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದಳು. ಅಮ್ಮ ಚೆನ್ನಾಗಿದೆ ಅನ್ನುತ್ತಿದ್ದಳು.

ಅವನಿಗೆ ಮೊಮ್ಮಗಳು ಹುಟ್ಟಿದಳು. ಆಗಲೇ ಅವನ ಅಮ್ಮ, ಇವಳ ದೊಡ್ಡಮ್ಮ, ಒಮ್ಮೆ ಬಂದು ಹೋಗು ಅಂತ ಹೇಳಿಕಳಿಸಿದ್ದು.

ಬೇಕರಿಯ ಮೇಲಿನ ಮನೆ. ಕೆಳಗಿನ ಒಲೆಯ ಶಾಖ ನೆಲದ ಹಲಗೆಗಳಿಂದ ಅಂಗಾಲಿಗೆ ಬರುತ್ತಿತ್ತು. ಮಕ್ಕಳು ಮೆಟ್ಟಿಲು ಹತ್ತಿ ಇಳಿದು ಹತ್ತಿ ಇಳಿದು ಒಬ್ಬರ ಮೇಲೊಬ್ಬರು ಚಾಡಿ ಹೇಳುತ್ತಿದ್ದರು. ಎಲ್ಲೋ ಕೂಸು ಅಳುತ್ತಿತ್ತು, ಎಲ್ಲೋ ಯಾರೋ ಅದಕ್ಕೆ ಹಾಡುತ್ತಿದ್ದರು, ಯಾರೋ ಹಾಡಿದ್ದು ಸಾಕು ಅನ್ನುತ್ತಿದ್ದರು. ಒಂದೇ ಮನೆಯಲ್ಲಿ ಇಷ್ಟು ಸದ್ದು ಇರಬಹುದು ಅನ್ನುವುದು ಅವಳಿಗೆ ಮರೆತೇಹೋಗಿತ್ತು. ದೊಡ್ಡಮ್ಮ ಊದಿದ ಕಾಲುಗಳನ್ನು ಉಪ್ಪುನೀರಿನ ಬೋಗುಣಿಯಲ್ಲಿಟ್ಟುಕೊಂಡು ಕೂತಿದ್ದಳು.

"ನಿಮ್ಮಮ್ಮ ಇನ್ನೂ ಇದಾಳಾ?"

"ಇದಾರೆ."

"ಇರ್ತಾಳೆ. ನನಗಿಂತ ಮುಂಚೆ ಹೋಗೋ ಉಪಕಾರ ಅವಳು ಮಾಡಲ್ಲ." ದೊಡ್ಡಮ್ಮ ಬಿಸ್ಕತ್ತಿನ ಡಬ್ಬಿಯೊಂದನ್ನು ಅವಳ ಮಡಿಲಿಗೆ ತಳ್ಳಿದಳು. ಒಳಗೆ ಕೆಳಗರ್ಧವಿತ್ತು. ಆ ಮನೆಯ ಮಕ್ಕಳು ಮೊಮ್ಮಕ್ಕಳೆಲ್ಲ ತೊಟ್ಟು, ಒಗೆದು ಒಗೆದು, ಮೆತ್ತಗೆ ಬೆಣ್ಣೆಯಂತಾಗಿತ್ತು. ಕೆಳ ಅಂಚಿನ ಬಳ್ಳಿ ಅಲ್ಲಲ್ಲಿ ಹರಿದಿತ್ತು. ಅವಳ ಬೆರಳು ತಾನಾಗಿಯೇ ಹರಿದ ಜಾಗಕ್ಕೆ ಹೋಯಿತು.

"ಒಂದು ಮಾಡಕ್ಕಾಗುತ್ತಾ?"

"ಆಗುತ್ತೆ."

"ಗೊತ್ತಾಗಬಾರದು."

"ಗೊತ್ತಾಗಲ್ಲ."

"ಹೆಣ್ಣು ಮಗು." ದೊಡ್ಡಮ್ಮ ನೀರಿನಲ್ಲಿ ಕಾಲು ಅಲ್ಲಾಡಿಸಿದಳು. "ಮೊನೆ ಒಳಗೆ ಹೋಗಬೇಕು. ಒಳಗೆ ಹಾಕಿ ಭದ್ರವಾಗಿ ಹೊಲಿ. ಮತ್ತೆ ಯಾರ ಕಣ್ಣಿಗೂ ಬೀಳಬಾರದು. ಅವತ್ತು ಚರ್ಚಿನಲ್ಲಿ ನನ್ನ ಮಗನ ಮುಖಾನ ಒಬ್ಬರೂ ನೋಡಲಿಲ್ಲ, ಗೊತ್ತಾ ನಿನಗೆ?"

"ನನ್ನ ಮುಖಾನೂ ನೋಡಲಿಲ್ಲವಂತೆ," ಅಂದಳು ಅವಳು.

ದೊಡ್ಡಮ್ಮ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದಳು. ಬಾಯಿಯ ಒಂದು ಮೂಲೆ ಸಡಿಲವಾಯಿತು. "ಮಾತು ನಿಮ್ಮಮ್ಮಂದೇ. ಭಾನುವಾರ ಮಗೂನ ನೀನೇ ಹಿಡ್ಕೋ. ನೀರು ಹಾಕಿಸುವಾಗ ಹಿಡಿದವಳು ಅಂದ್ಮೇಲೆ ಮನೆಯವಳೇ ಆದೆ. ಮೇಲೆ ಒಂದು ಕೋಣೆ ಖಾಲಿ ಬಿದ್ದಿದೆ. ನಿಮ್ಮಮ್ಮನ ನಂತರ…" ದೊಡ್ಡಮ್ಮ ಟವಲ್ಲು ಕೊಡು ಅಂತ ಕೈ ಚಾಚಿದಳು.

ಇಳಿಯುವಾಗ ಮೆಟ್ಟಿಲ ಮೇಲೆ ಯಾವುದೋ ಹುಡುಗಿ ಬಂದು ಅವಳ ಸೊಂಟ ಹಿಡಿದು, "ನೀವು ಯಾರ ಕಡೆಯವರು?" ಅಂತ ಕೇಳಿತು. ಉತ್ತರಕ್ಕೆ ಕಾಯದೆ ಓಡಿಹೋಯಿತು. ಮನೆ ಸೇರುವವರೆಗೂ ಅವಳ ಸೊಂಟದ ಮೇಲೆ ಆ ಕೈ ಇದ್ದಂತೆಯೇ ಇತ್ತು.

ಎರಡು ಅರ್ಧಕ್ಕೂ ಎರಡು ಬಣ್ಣ ಬಂದಿತ್ತು. ಎರಡೂ ಬಿಳಿಯೇ, ಆದರೆ ಮೇಲರ್ಧ ಕತ್ತರಿಸಿದ ಮೇಲೆ ಒಮ್ಮೆ ಮಾತ್ರ ತೊಟ್ಟು ಕತ್ತಲೆಯಲ್ಲಿ ಮುಚ್ಚಿಟ್ಟದ್ದು, ಮಡಿಕೆಗಳಲ್ಲಿ ಹಲ್ಲಿನ ಹಾಗೆ ಹಳದಿಯಾಗಿತ್ತು. ಕೆಳಗರ್ಧ ಬಿಸಿಲು ಕುಡಿದು, ಒಗೆದಾಗಲೆಲ್ಲ ಹಾಕಿದ ನೀಲಿಯಿಂದ ತೆಳುನೀಲಿಗೆ ತಿರುಗಿತ್ತು. ಲಾಂಡ್ರಿಯಲ್ಲಿ ಅವಳು ಸಣ್ಣ ತೊಟ್ಟಿ ಕೇಳಿದಳು. ಯಜಮಾನ ಬಂದು ಹಣಕಿದ.

"ಗಿರಾಕಿಯದಾ, ನಿಂದಾ?"

"ನಂದೇ."

"ನಿನಗೆ ಸ್ವಲ್ಪ ಬಿಗಿಯಾಗಲ್ವಾ?" ಅಂದು ತಾನೇ ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿ, ತೊಟ್ಟಿಯನ್ನು ಒಮ್ಮೆ ಸೋಪು ಹಾಕಿ ತೊಳೆದು ಕೊಟ್ಟು ಹೋದ.

ಅವಳು ಎರಡನ್ನೂ ಒಟ್ಟಿಗೆ ತಣ್ಣೀರಿನಲ್ಲಿ ಬಿಟ್ಟಳು. ಹಳೆ ಗಂಜಿ ಕರಗಿ ನೀರು ಚಹಾದ ಬಣ್ಣಕ್ಕೆ ತಿರುಗಿತು. ಚೆಲ್ಲಿ ಮತ್ತೆ ತುಂಬಿಸಿದಳು. ಉಜ್ಜುವಂತಿರಲಿಲ್ಲ, ಹಿಂಡುವಂತಿರಲಿಲ್ಲ, ಅಂಗೈ ಇಟ್ಟು ಒತ್ತಿ ಬಿಡಬೇಕು, ಒತ್ತಿ ಬಿಡಬೇಕು. ಮಧ್ಯಾಹ್ನದ ಹೊತ್ತಿಗೆ ನೀರು ತಿಳಿಯಾಯಿತು. ಎರಡು ಅರ್ಧಗಳೂ ಒಂದೇ ಬಣ್ಣಕ್ಕೆ ಬಂದವು, ಬಿಳಿಯೂ ಅಲ್ಲದ ಹಳದಿಯೂ ಅಲ್ಲದ, ಹಾಲು ಒಡೆಯುವ ಮುಂಚಿನ ಬಣ್ಣ.

ಸೇರಿಸುವುದು ಕಷ್ಟದ ಕೆಲಸ. ಅಮ್ಮ ಹೊಲಿಗೆಯ ಮೇಲೆ ಕತ್ತರಿಸಿರಲಿಲ್ಲ, ಅದರ ಕೆಳಗೆ, ನೆರಿಗೆಗಳ ನಡುವೆಯೇ ಕತ್ತರಿ ಆಡಿಸಿದ್ದಳು. ಅಲ್ಲಲ್ಲಿ ಕತ್ತರಿ ಹಿಂಜರಿದ ಗುರುತಿತ್ತು. ಒಂದು ಕಡೆಯಂತೂ ಅದು ನಿಂತೇಬಿಟ್ಟಿತ್ತು. ಅಲ್ಲಿಂದ ಮುಂದೆ ಹೊಸದಾಗಿ ಹೊರಟು ಕೊನೆಯವರೆಗೂ ನೇರವಾಗಿ ಹೋಗಿತ್ತು. ಹೆತ್ತು ವಾರವೂ ಆಗದ, ಇಪ್ಪತ್ತು ದಾಟಿದ ಹುಡುಗಿಯೊಬ್ಬಳು ಬಾಗಿಲು ಹಾಕಿಕೊಂಡು ಇಷ್ಟನ್ನು ಮಾಡಿದ್ದಳು. ಈಗ ಮಗಳು ಒಳಗಡೆಯಿಂದ ತೆಳುವಾದೊಂದು ಪಟ್ಟಿ ಕೊಟ್ಟು, ಒಂದೊಂದು ನೆರಿಗೆಯನ್ನೂ ಅದರ ಹಳೆಯ ಜೊತೆಗಾರನಿಗೆ ತಾಳೆ ಹಾಕಿ, ಎಳೆಗೆ ಎಳೆ ಕೂಡಿಸಿದಳು. ಲಾಂಡ್ರಿಯಿಂದ ಬಂದು ಬೆಳಕಿರುವಷ್ಟು ಹೊತ್ತು ಕಿಟಕಿಯ ಹತ್ತಿರ ಕೂರುವಳು. ಅಮ್ಮ ಒಳಗಿನಿಂದ ಏನೂ ಕೇಳುತ್ತಿರಲಿಲ್ಲ. ಕೇಳದಿದ್ದದ್ದೇ ಅವಳಿಗೆ ಇರಿಸುಮುರಿಸಾಗುತ್ತಿತ್ತು.

ಮೊನೆಯ ಸರದಿ ಕೊನೆಗೆ ಬಂತು. ಅವಳು ಅದನ್ನು ಮಡಚಿ ಪಟ್ಟಿಯೊಳಗೆ ತೂರಿಸಿದಳು. ಹೇಳಿದಂತೆ ಭದ್ರವಾಗಿ ಹೊಲಿದಳು. ಸೊಂಟ ನೇರವಾಗಿ, ಸುಮ್ಮನೆ, ಎಲ್ಲ ಅಂಗಿಗಳ ಸೊಂಟದಂತೆ ಕಂಡಿತು.

"ಆ ಕೋಟು ತಾ ಇಲ್ಲಿ," ಅಂದಳು ಅಮ್ಮ.

ಅವಳು ಅಲ್ಲಾಡಲಿಲ್ಲ.

"ತಾರೇ. ತೊಳೆದ ವಾಸನೆ ಬರ್ತಿದೆ. ನನ್ನ ಮೂಗೇನು ಸತ್ತಿಲ್ಲ."

ಅವಳು ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಅಮ್ಮನ ಹೊದಿಕೆಯ ಮೇಲೆ ಹಾಸಿದಳು. ಬೈಗುಳಕ್ಕೆ ಕಾದು ನಿಂತಳು. ಇಡೀ ಬೀದಿ ಕೇಳುವಂತೆ ಬೈಯುತ್ತಾಳೆ, ಬೈದು ಆ ಮನೆಯ ಉಪ್ಪಿನ ಮಾತು ಹೇಳಿ ಮುಗಿಸುತ್ತಾಳೆ. ಆಮೇಲೆ ಎರಡು ದಿನ ಊಟ ಬಿಡುತ್ತಾಳೆ. ಅದಕ್ಕೆಲ್ಲ ಅವಳು ಉತ್ತರ ಜೋಡಿಸಿಟ್ಟುಕೊಂಡಿದ್ದಳು. ನೀನು ಹೋದ ಮೇಲೆ ನಾನು ಯಾರ ಜೊತೆ ಮಾತಾಡಲಿ ಅಂತ ಕೇಳಬೇಕು ಅಂದುಕೊಂಡಿದ್ದಳು.

ಅಮ್ಮನ ಬೆರಳುಗಳು ಕತ್ತಿನ ಲಾಡಿಯಿಂದ ಶುರುವಾದವು. ಹೆಬ್ಬೆರಳೂ ಹೋಗದಂಥ ತೋಳು ನೋಡಿದವು. ಹೂವಿನೊಳಗಿನ ಬಲೆಗಳ ಮೇಲೆ ನಿಂತು ನಿಂತು ಇಳಿದವು. ಕಸೂತಿ ಕಿರಿದಾಗುತ್ತ ಬಂತು, ಬೆರಳೂ ಅದರ ಜೊತೆ ಬಂತು. ಸೊಂಟದ ಹತ್ತಿರ ಅದು ತಡಕಾಡಿತು. ಒಮ್ಮೆ ಲಂಗದ ಮೇಲೆ ಹೋಗಿ ಹಿಂದಕ್ಕೆ ಬಂತು. ಆಮೇಲೆ ಪಟ್ಟಿಯನ್ನು ಎರಡು ಬೆರಳ ನಡುವೆ ಹಿಡಿದು, ಒಳಗೆ ಮಡಚಿಕೊಂಡು ಗಂಟಾಗಿ ಕೂತದ್ದನ್ನು ಮೆಲ್ಲಗೆ ಹಿಸುಕಿತು.

"ಒಳಗೆ ಹಾಕಿದೀಯ."

"ಹೆಣ್ಣು ಮಗು ಅಮ್ಮ. ತಮ್ಮನ ಮೊಮ್ಮಗಳು. ದೊಡ್ಡಮ್ಮ ಹಾಗೇ ಬೇಕು ಅಂದ್ರು."

ಅಮ್ಮ ಪಟ್ಟಿಯಿಂದ ಬೆರಳು ತೆಗೆದಳು.

"ಒಳ್ಳೇದು ಮಾಡಿದೆ," ಅಂದಳು.

ಮಗಳಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನಿಸಿತು.

"ನಾನೂ ಒಳಗೇ ಹಾಕಬೇಕಿತ್ತು. ಅವರು ಹೇಳಿದ ಭಾನುವಾರ ಹಾಕ್ಸಿ ಸುಮ್ಮನಾಗಬೇಕಿತ್ತು. ಆಗ ನಿನಗೆ ಜನ ಇರ್ತಿದ್ರು." ಅಮ್ಮ ಅಂಗಿಯನ್ನು ಕೈಯಿಂದ ದೂರ ತಳ್ಳಿದಳು, ಊಟ ಸಾಕಾದ ಮೇಲೆ ತಟ್ಟೆ ತಳ್ಳುವಂತೆ. "ಅವಳು ಇಲ್ಲಿಗೆ ಬರ್ತಾಳಾ?"

"ಯಾರು, ದೊಡ್ಡಮ್ಮನಾ? ಬರಬಹುದು. ಚರ್ಚು ಮುಗಿಸ್ಕೊಂಡು."

"ಬಂದ್ರೆ ನನಗೆ ದಿಂಬು ಏರಿಸಿ ಕೂರಿಸು. ಕೈ ಮುಗೀತೀನಿ. ನಿನ್ನ ನೋಡ್ಕೋ ಅಂತ."

"ಅಮ್ಮ."

"ಎಡಗೈ ಏಳಲ್ಲ. ನೀನು ಹಿಡ್ಕೋ, ಎರಡೂ ಸೇರಿಸು. ಮುಗಿದ ಹಾಗೆ ಕಾಣಬೇಕಲ್ಲ."

ಆವತ್ತು ರಾತ್ರಿ ಕೊಟ್ಟ ಗಂಜಿಯನ್ನೆಲ್ಲ ಅಮ್ಮ ಕುಡಿದಳು. ಬಿಸಿ ಅನ್ನಲಿಲ್ಲ, ಸಪ್ಪೆ ಅನ್ನಲಿಲ್ಲ. ಮಗ್ಗುಲು ಬದಲಿಸುವಾಗ ದಿನಾ ಅವಳ ಕೈಗೆ ಹೊಡೆದು, "ನಾನೇನು ಹಿಟ್ಟಿನ ಚೀಲವಾ?" ಅನ್ನುತ್ತಿದ್ದವಳು ಸುಮ್ಮನೆ ತಿರುಗಿಸಿಕೊಂಡಳು. ಮಗಳು ಬೆನ್ನು ಒರೆಸಿದಳು, ಸೀರೆ ಸರಿಮಾಡಿದಳು, ಕೂದಲು ಬಾಚಿದಳು. ಎಲ್ಲದಕ್ಕೂ ಆ ಮೈ ಹೇಗೆ ಬಗ್ಗಿಸಿದರೆ ಹಾಗೆ ಬಗ್ಗಿತು. ಬಾಚಣಿಗೆಯಲ್ಲಿ ಬಂದ ಕೂದಲನ್ನು ಬೆರಳಿಗೆ ಸುತ್ತುತ್ತ ಅವಳು ಅಮ್ಮ ಏನಾದರೂ ಅನ್ನಲಿ, ಒಂದು ಬೈಗುಳವಾದರೂ ಬರಲಿ ಅಂತ ಕಾದಳು. ಅಮ್ಮ ಗೋಡೆಯ ಕಡೆ ಮುಖ ಮಾಡಿ, "ದೀಪ ಆರಿಸಿಬಿಡು, ನಿನಗೆ ತೊಂದರೆ," ಅಂದಳು. ಇಷ್ಟು ವರ್ಷದಲ್ಲಿ ತೊಂದರೆ ಅನ್ನುವ ಪದವನ್ನು ಅಮ್ಮನ ಬಾಯಲ್ಲಿ ಅವಳು ಕೇಳಿರಲಿಲ್ಲ.

ಬೆಳಿಗ್ಗೆ ಲಾಂಡ್ರಿಗೆ ಹೋಗಲಿಲ್ಲ. ಮೇಜಿನ ಮುಂದೆ ಕೂತು, ಹಿಂದಿನ ದಿನ ತಾನೇ ಹಾಕಿದ ಭದ್ರವಾದ ಹೊಲಿಗೆಗಳ ಅಡಿಗೆ ಬ್ಲೇಡು ತೂರಿಸಿದಳು. ಮೊನೆ ಸುಕ್ಕಾಗಿ ಹೊರಗೆ ಬಂತು. ಚಮಚವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಅದರ ಬೆನ್ನಿನಿಂದ ತೀಡಿದಳು. ತುದಿಯ ಕೊನೆಯ ಹೂವು ಉಗುರಿನಷ್ಟು ಚಿಕ್ಕದು. ಅದರೊಳಗೂ ಅಜ್ಜನ ಅಜ್ಜಿ ಬಲೆ ನೇಯ್ದಿದ್ದಳು. ಪಟ್ಟಿಯ ಬಾಯಿಯನ್ನು ಅವಳು ಪೂರ್ತಿ ಹೊಲಿದು ಮುಚ್ಚಿದಳು, ಎಂದೂ ಏನೂ ಒಳಗೆ ಹೋಗದ ಹಾಗೆ.

ಶನಿವಾರ ಮಧ್ಯಾಹ್ನ ಬೇಕರಿಯವನು ಬಂದ. ಕೈಯನ್ನು ಮೊಣಕೈವರೆಗೂ ತಿಕ್ಕಿ ತೊಳೆದುಕೊಂಡು ಬಂದಿದ್ದ; ಕಂಕುಳಲ್ಲಿ ಕೇಕಿನ ಉದ್ದನೆಯ ಹೊಸ ಡಬ್ಬಿ. ಬಾಗಿಲಲ್ಲೇ ನಿಂತು ಒಳಕೋಣೆಯ ಕಡೆ ನೋಡಿ, ದನಿ ತಗ್ಗಿಸಿ, "ಚಿಕ್ಕಮ್ಮ ಎಚ್ಚರ ಇದಾರಾ?" ಅಂದ.

"ಕಿವಿ ಎಚ್ಚರ ಇದೆ," ಅಂತ ಒಳಗಿನಿಂದ ಅಮ್ಮ ಉತ್ತರ ಕೊಟ್ಟಳು. "ಬಾಪ್ಪ. ನಿನ್ನ ಬ್ರೆಡ್ಡು ಚೆನ್ನಾಗಿರುತ್ತೆ."

ಅವನು ಇವಳ ಮುಖ ನೋಡಿದ. ಇವಳು ಮೇಜಿನ ಮೇಲಿನ ಬಟ್ಟೆ ಸರಿಸಿದಳು.

ಅವನು ಮುಟ್ಟಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೂಗು ತಾಗುವಷ್ಟು ಬಗ್ಗಿ, ಕತ್ತಿನಿಂದ ಅಂಚಿನವರೆಗೂ ಮೇಜಿನ ಉದ್ದಕ್ಕೂ ನಡೆದ. ಮತ್ತೆ ಹಿಂದಕ್ಕೆ ಬಂದ. ಅವನ ಕಣ್ಣು ಒದ್ದೆಯಾಗಿತ್ತು, ಅದನ್ನು ಭುಜಕ್ಕೆ ಒರೆಸಿಕೊಂಡ.

"ಎಲ್ಲಿ ಕತ್ತರಿಸಿದ್ರು ಅಂತಲೇ ಕಾಣಲ್ಲ ಕಣೇ. ಏನು ಕೈ ನಿಂದು! ನಮ್ಮಮ್ಮ ಕನ್ನಡಕ ಎರಡು ಹಾಕ್ಕೊಂಡ್ರೂ…" ಅಲ್ಲಿಗೆ ಅವನ ಕಣ್ಣು ಸೊಂಟಕ್ಕೆ ಬಂದು ನಿಂತಿತು. "ಇದು ಹೊರಗಿದೆ."

"ಹೂಂ."

"ಒಳಗೆ ಅಂದಿದ್ರಲ್ಲ."

"ಅಂದಿದ್ರು."

"ಮರೆತೆಯಾ?"

"ಇಲ್ಲ."

ಅವನು ಕುರ್ಚಿ ಎಳೆದು ಕೂತ. ಕುರ್ಚಿ ಕಿರುಗುಟ್ಟಿತು. ನಗಲು ನೋಡಿದ. "ನೋಡು, ನನಗಾದ್ರೆ ಒಳಗೂ ಒಂದೇ, ಹೊರಗೂ ಒಂದೇ. ಆ ಕೂಸಿಗೆ ಹಾಲು ಸಿಕ್ಕಿದ್ರೆ ಸಾಕು, ಮೊನೆ ಕಟ್ಕೊಂಡು ಅದಕ್ಕೇನು? ಆದ್ರೆ ನಮ್ಮಮ್ಮನ ಗೊತ್ತಲ್ಲ. ಬಾಗಿಲಲ್ಲೇ ತಿರುಗಿಸಿ ಕಳಿಸ್ತಾರೆ. ಸೊಸೆಯ ಅಕ್ಕ ಬೇರೆ ಮಗು ನಾನು ಹಿಡೀತೀನಿ ಅಂತ ಹೊಸ ಬಟ್ಟೆ ಹೊಲಿಸ್ಕೊಂಡು ಕಾಯ್ತಾ ಇದಾಳೆ. ಅವಳ ಬಾಯಿ ಮುಚ್ಚಿಸಿ ನಿನ್ನ ಹೆಸರು ಹೇಳಿ ಬಂದಿದೀನಿ."

ಅವಳು ಮೊನೆಯ ತುದಿಯನ್ನು ಬೆರಳಿನಿಂದ ತೀಡಿದಳು.

"ಮೇಲಿನ ಕೋಣೆಗೆ ಸುಣ್ಣ ಹೊಡೆಸಿದೀನಿ. ನಿನ್ನೆ. ಕಿಟಕಿಗೆ ನಿನ್ನ ಮೇಜು ಹಿಡಿಸುತ್ತಾ ಅಂತ ಅಳೆದೂ ನೋಡ್ದೆ." ಅವನು ಒಳಗಿನ ಕೋಣೆಯ ಕಡೆ ನೋಡಿ ದನಿ ಇನ್ನೂ ಇಳಿಸಿದ. "ಈ ಮನೇಲಿ ಒಬ್ಬಳೇ ಏನು ಮಾಡ್ತೀಯ? ಗೋಡೆ ಜೊತೆ ಮಾತಾಡ್ತೀಯಾ? ನಾನು ಎಷ್ಟು ದಿನ ಬ್ರೆಡ್ಡು ಹೊತ್ಕೊಂಡು ಲಾಂಡ್ರಿ ಕಿಟಕಿಗೆ ಬರಲಿ?"

ಅವನು ಮೇಜಿನ ಮೇಲಿದ್ದ ಸೂಜಿಮೆತ್ತೆಯಿಂದ ಸೂಜಿ ತೆಗೆದ. ಬಿಳಿ ದಾರದ ತುದಿಯನ್ನು ತುಟಿಗೆ ಹಚ್ಚಿ, ಬೆಳಕಿಗೆ ಹಿಡಿದ. ಬ್ರೆಡ್ಡಿನ ಹಿಟ್ಟು ನಾದಿ ದಪ್ಪವಾದ ಆ ಬೆರಳುಗಳ ನಡುವೆ ಸೂಜಿ ಕಾಣಿಸುತ್ತಲೇ ಇರಲಿಲ್ಲ. ಒಂದು ಸಲ ತಪ್ಪಿತು, ಇನ್ನೊಂದು ಸಲ ತಪ್ಪಿತು. ಅವಳು ಸಹಾಯ ಮಾಡಲಿಲ್ಲ. ಕೊನೆಗೆ ಪೋಣಿಸಿ, ಮಕ್ಕಳಂತೆ ಗೆದ್ದ ಮುಖ ಮಾಡಿ, ಸೂಜಿಯನ್ನು ಅವಳ ಕಡೆ ಚಾಚಿದ.

"ಎರಡೇ ಹೊಲಿಗೆ. ನಾಳೆ ಒಂದು ದಿನಕ್ಕೆ. ಆಮೇಲೆ ನೀನೇ ಬಿಚ್ಕೋ, ನಾನು ಕೇಳಲ್ಲ. ಅಂಗಿ ನಿನ್ನ ಹತ್ರಾನೇ ಇರಲಿ, ಅಮ್ಮಂಗೆ ನಾನು ಹೇಳ್ತೀನಿ."

ದಾರ ಅವನ ಕೈಯಿಂದ ಅವಳ ಮಡಿಲವರೆಗೂ ಇಳಿದಿತ್ತು. ಅವನ ಮುಖದಲ್ಲಿ ಮೋಸ ಇರಲಿಲ್ಲ. ಹುಬ್ಬಿನ ಕೂದಲಲ್ಲಿ, ಎಷ್ಟು ತೊಳೆದರೂ ಹೋಗದ ಹಿಟ್ಟು ಇತ್ತು.

"ಹಾಕಿ ಕೊಡೇ," ಅಂದಳು ಒಳಗಿನಿಂದ ಅಮ್ಮ. ದನಿ ತೆಳ್ಳಗಿತ್ತು, ಪಕ್ಕದ ಮನೆಯಿಂದ ಏನೋ ಕೇಳಿ ಪಡೆಯಲು ಹೋದವರ ದನಿಯ ಹಾಗೆ. "ಅಷ್ಟು ಕೇಳ್ತಿದಾನಲ್ಲ. ಹಾಕಿ ಕೊಡು."

"ಹಾಕಲ್ಲ," ಅಂದಳು ಅವಳು.